ಆರು ಪಿಸ್ಟನ್ ಮತ್ತು ಒಬ್ಬ ಅಣ್ಣ

ಫೆಬ್ರವರಿ 3

ಪ್ರೀತಿಯ ಅತ್ತಿಗೆಗೆ ಮೈದುನನ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ನಾನು ಮತ್ತು ಶೆಡ್ಡಿನಲ್ಲಿರುವ ನಾಲ್ಕು ಎಂಜಿನ್. ಮೂರು ಚೆನ್ನಾಗಿ ಉಸಿರಾಡುತ್ತಿವೆ, ನಾಲ್ಕನೆಯದಕ್ಕೆ ಸ್ವಲ್ಪ ಕೆಮ್ಮು. ನನ್ನ ಕಿವಿ ಮಾತ್ರ ಇನ್ನಷ್ಟು ಮೇಲ್ಮಟ್ಟಕ್ಕೆ ಹೋಗಿದೆ, ಸಾಮಾನ್ಯ ಜನರ ಮಾತು ಅದಕ್ಕೆ ಮುಟ್ಟುವುದೇ ಇಲ್ಲ. ಫೋನಿನಲ್ಲಿ ನೀವು ‘ಹೇಗಿದ್ದೀಯ’ ಅಂದರೆ ನಾನು ‘ಊಟ ಆಯಿತು’ ಅನ್ನುತ್ತೇನೆ. ಅದಕ್ಕೇ ಈ ಕಾಗದ. ಬರೆದು ಐದು ವರ್ಷವಾಯಿತು, ಗೊತ್ತು. ಬೈಯುವುದಾದರೆ ಒಂದೇ ಸಲ ಬೈದು ಮುಗಿಸಿಬಿಡಿ.

ವಿಷಯ ಏನೆಂದರೆ, ಮನೆಗೆ ಐದನೆಯವಳು ಬಂದಿದ್ದಾಳೆ.

ಗಾಬರಿಯಾಗಬೇಡಿ. ಐವತ್ತೆಂಟರ ಗಂಡಿಗೆ ಹೆಣ್ಣು ಕೊಡುವಷ್ಟು ಧೈರ್ಯವಂತರು ಇನ್ನೂ ಹುಟ್ಟಿಲ್ಲ. ಬಂದವಳ ತೂಕ ಮುಕ್ಕಾಲು ಟನ್, ಬಣ್ಣ ತುಕ್ಕು, ವಯಸ್ಸು ನನಗಿಂತ ನಾಲ್ಕು ವರ್ಷ ಹೆಚ್ಚು. ಮೂರು ಸಿಲಿಂಡರ್, ಆರು ಪಿಸ್ಟನ್. ಒಂದೊಂದು ಸಿಲಿಂಡರಿನೊಳಗೆ ಎರಡೆರಡು ಪಿಸ್ಟನ್ ಎದುರುಬದುರಾಗಿ ಓಡಿಬಂದು, ಇನ್ನೇನು ಹಣೆಗೆ ಹಣೆ ಬಡಿಯಬೇಕು ಅನ್ನುವಷ್ಟರಲ್ಲಿ ನಡುವೆ ಡೀಸೆಲ್ ಸಿಡಿದು, ಎರಡೂ ಮುಖ ತಿರುಗಿಸಿಕೊಂಡು ಬಂದ ದಾರಿಗೆ ವಾಪಸು. ಒಂದೇ ಮನೆಯ ಇಬ್ಬರು ಸೊಸೆಯರು ಅನ್ನಿ. ಮಾಮೂಲಿ ಎಂಜಿನ್ ನಾಲ್ಕು ಹೆಜ್ಜೆಗೆ ಒಮ್ಮೆ ಕೆಲಸ ಮಾಡಿ ಉಳಿದ ಮೂರು ಹೆಜ್ಜೆ ಸುಧಾರಿಸಿಕೊಳ್ಳುತ್ತದೆ. ಈ ಟೂ-ಸ್ಟ್ರೋಕ್ ಡೀಸೆಲ್ ವಂಶಕ್ಕೆ ಅಂಥ ಸೋಮಾರಿತನ ಇಲ್ಲ, ಎರಡು ಹೆಜ್ಜೆಗೊಂದು ಸಿಡಿತ. ಇಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ನಮ್ಮ ಎಂಜಿನ್ ಹುಚ್ಚರ ಕೂಟದಲ್ಲಿರುವ ಹಲ್ಲಿನ ಡಾಕ್ಟರು ಸುದ್ದಿ ಕೇಳಿ ಹೊಟ್ಟೆಕಿಚ್ಚಿಗೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಮಾತು ಬಿಟ್ಟಿದ್ದರು ಅಂತ ನನಗೆ ತಿಳಿದದ್ದು ವಾರ ಕಳೆದ ಮೇಲೆ.

ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ. ಇನ್ನು ನೇರವಾಗಿ ಹೇಳುತ್ತೇನೆ, ಕೂತು ಓದಿ.

ಗುಜರಿಯವನ ಅಂಗಳದಲ್ಲಿ ಇದನ್ನು ಕಂಡಾಗ ಮೊದಲು ಕೈ ಹೋದದ್ದು ಪಕ್ಕದ ಮುಚ್ಚಳಕ್ಕೆ. ಅದರ ಮೂರನೇ ಬೋಲ್ಟಿಗೆ ನಿಮ್ಮ ಹೊಲಿಗೆ ಯಂತ್ರದಿಂದ ಕದ್ದ ಒಂದು ವಾಷರ್ ಹಾಕಿದ್ದೆ, ನೆನಪಿದೆಯಾ, ಮೂರು ದಿನ ಹುಡುಕಿದಿರಿ? ಅದು ಅಲ್ಲೇ ಇತ್ತು. ಇದು ಅಣ್ಣನ ಲಾಂಚಿನ ಎಂಜಿನ್, ಅತ್ತಿಗೆ. ಮೇಲೆ ಅವನು ಚುಕ್ಕಾಣಿ ಹಿಡಿದು, ಕೆಳಗೆ ನಾನು ಎಂಜಿನ್ ನೋಡಿಕೊಂಡು, ಆರು ವರ್ಷ ಹೊಳೆ ದಾಟಿಸಿದ ಎಂಜಿನ್. ದಡದ ಕಟ್ಟೆಯಲ್ಲಿ ನಿಂತು ಲಾಂಚಿನ ಹಗ್ಗ ಹಿಡಿದು ಕಟ್ಟುತ್ತಿದ್ದ ನಮ್ಮ ಹಗ್ಗದಣ್ಣ ಲಾಂಚಿಗೂ ಕಟ್ಟೆಗೂ ನಡುವೆ ಸಿಕ್ಕಿ ಸತ್ತ ದಿನ ಓಡುತ್ತಿದ್ದದ್ದೂ ಇದೇ.

ತಪ್ಪು ಅಣ್ಣನದ್ದು ಅಂತ ಬರೆದುಕೊಂಡರು. ಅಣ್ಣನೂ ಹೌದು ಅಂದ. ಅದು ನಿಜವೋ ಸುಳ್ಳೋ, ಅವನು ಮೇಲಿಂದ ಹೊಡೆದ ಸನ್ನೆಯ ಗಂಟೆ ತಪ್ಪಿತೋ ನನ್ನ ಕೈ ತಪ್ಪಿತೋ, ಮೂವತ್ತೆರಡು ವರ್ಷದಿಂದ ನನಗೆ ಗೊತ್ತಿಲ್ಲ. ಎಂಜಿನ್ನನ್ನು ಮತ್ತೆ ಓಡಿಸಿ, ಆ ದಿನ ಮಾಡಿದ್ದನ್ನೆಲ್ಲ ಒಂದೊಂದಾಗಿ ಮತ್ತೆ ಮಾಡಿ, ಗೊತ್ತು ಮಾಡಿಕೊಳ್ಳಬೇಕು ಅಂತಿದ್ದೇನೆ. ನಿಮ್ಮ ಒಪ್ಪಿಗೆ ಬೇಕು.

ನಿಮ್ಮ
ಹೊಗೆರಾಯ
(ಹೆಸರು ನೀವೇ ಇಟ್ಟದ್ದು, ಈಗ ವಾಪಸು ತಗೊಳ್ಳುವಂತಿಲ್ಲ)


ಫೆಬ್ರವರಿ 19

ಹೊಗೆರಾಯರಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಮಗಳು ಎರಡು ಬೆರಳಲ್ಲಿ ಹಿಡಿದು ತಂದಳು. “ಅಮ್ಮ, ಚಿಕ್ಕಪ್ಪ ಪೆನ್ನಲ್ಲಿ ಬರೆದಿದಾರಾ ಗ್ರೀಸಲ್ಲಾ?” ಅಂದಳು. ಐದು ವರ್ಷದ ಬೈಗುಳ ಒಟ್ಟಿಗೇ ಬರೆಯೋಣ ಅಂದರೆ ಕೈಯಲ್ಲಿ ಬಿಡುವಿಲ್ಲ. ಶಾಲೆ ತೆರೆಯುವುದರೊಳಗೆ ನಾಲ್ಕುನೂರು ಯೂನಿಫಾರಂ ಆಗಬೇಕು. ಈ ವರ್ಷ ಹೆಡ್‌ಮೇಷ್ಟ್ರಿಗೆ ಕಾಲರಿನ ಮೇಲೆ ಇನ್ನೊಂದು ಪಟ್ಟಿ ಬೇಕಂತೆ. ಮಕ್ಕಳು ಅದರಿಂದ ಬುದ್ಧಿವಂತರಾಗುತ್ತಾರೇನೋ.

ನೀನು ಒಪ್ಪಿಗೆ ಕೇಳಿದೀಯ. ಎಂಜಿನ್ ಮನೆಗೆ ತಂದು ಇಳಿಸಿದ ಮೇಲೆ ಒಪ್ಪಿಗೆ ಕೇಳುವವನು ನೀನೊಬ್ಬನೇ.

ಕೆಲಸ ಹೋದ ಮೇಲೆ ನಿನ್ನಣ್ಣ ಒಂಬತ್ತು ವರ್ಷ ನನ್ನ ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಾಕಿದರು. ಮೊದಮೊದಲು ದಾರ ಪೋಣಿಸುವುದಕ್ಕೇ ಅರ್ಧ ದಿನ. ಆಮೇಲೆ ಎಂಥ ಕೈ ಬಂತು ಅಂದರೆ, ಅವರು ಹಾಕಿದ ಗುಂಡಿ ಬಟ್ಟೆ ಹರಿದರೂ ಕಿತ್ತು ಬರುತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಹೊಳೆ ಅನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ. ನೀನು ಬಂದಾಗ ಇಬ್ಬರೂ ಗುಂಡಿ ಡಬ್ಬಿ ನೋಡಿಕೊಂಡು ಕೂತಿರುತ್ತಿದ್ದಿರಿ. ಅವರು “ಎಂಜಿನ್ ಕೆಲಸ ಹೇಗೆ ನಡೀತಿದೆ?” ಅನ್ನುವುದು, ನೀನು “ನಡೀತಿದೆ” ಅನ್ನುವುದು. ಅಷ್ಟೇ ಮಾತು. ಅವರು ಹೋದ ಮೇಲೆ ನೀನು ಬರುವುದನ್ನೂ ಬಿಟ್ಟೆ.

ಅವರು ಮುಚ್ಚಿಟ್ಟುಕೊಂಡು ಹೋದದ್ದನ್ನು ನೀನು ಸ್ಪ್ಯಾನರ್ ಹಾಕಿ ಬಿಚ್ಚಬೇಡ. ಆ ಎಂಜಿನ್ನನ್ನು ಹಲ್ಲಿನ ಡಾಕ್ಟರಿಗೆ ಕೊಟ್ಟುಬಿಡು. ಕೀಳುವುದು ಅವರಿಗೆ ಅಭ್ಯಾಸವಿದೆ.

ನಿನ್ನ
ಅತ್ತಿಗೆ


ಮಾರ್ಚ್ 11

ಅತ್ತಿಗೆಗೆ,

ಡಾಕ್ಟರಿಗೆ ಕೊಡಲಿಲ್ಲ. ನಿಮ್ಮ ಮಾತು ಮೀರಿದ್ದು ಇದು ಎಷ್ಟನೇ ಸಲ ಅಂತ ನೀವೇ ಲೆಕ್ಕ ಇಟ್ಟಿರುತ್ತೀರಿ, ಇದನ್ನೂ ಸೇರಿಸಿಕೊಳ್ಳಿ.

ಕೆಲಸದ ವರದಿ: ಪಿಸ್ಟನ್‌ಗಳು ಸಿಲಿಂಡರಿನೊಳಗೆ ಕಚ್ಚಿಕೊಂಡಿದ್ದವು. ಎಣ್ಣೆಯಲ್ಲಿ ಹದಿನೈದು ದಿನ ನೆನೆಹಾಕಿ, ಮರದ ಕೊಡತಿಯಲ್ಲಿ ಮೆತ್ತಗೆ ತಟ್ಟಿ, ಮುದ್ದು ಮಾಡಿ, ಬೈದು, ಕೊನೆಗೆ ಕೈಮುಗಿದ ಮೇಲೆ ಒಂದೊಂದಾಗಿ ಹೊರಗೆ ಬಂದವು. ಆರನೆಯದು ಬಂದ ದಿನ ಕೂಟದ ಆರೂ ಜನ ಸುತ್ತ ನಿಂತಿದ್ದೆವು. ಹೆರಿಗೆ ವಾರ್ಡಿನ ಹೊರಗೆ ಕೂಡ ಅಷ್ಟು ಆತಂಕ ಇರುವುದಿಲ್ಲ. ಈಗ ಎಲ್ಲ ಉಜ್ಜಿ, ಹೊಸ ರಿಂಗು ಹಾಕಿ, ಮತ್ತೆ ಜೋಡಿಸಿಯಾಗಿದೆ.

ಇನ್ನೊಂದು ವಿಷಯ. ನಗಬೇಡಿ. ದಿನಾ ಬೀಗ ಹಾಕುವ ಮುಂಚೆ ಫ್ಲೈವೀಲಿನ, ಅಂದರೆ ಎಂಜಿನ್ನಿನ ದೊಡ್ಡ ಚಕ್ರದ, ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಗೆರೆ ನೆತ್ತಿಗೆ ಬರುವ ಹಾಗೆ ನಿಲ್ಲಿಸಿ ಹೋಗುತ್ತೇನೆ. ಬೆಳಿಗ್ಗೆ ನೋಡಿದರೆ ಗೆರೆ ಕಾಲು ಸುತ್ತು ಹಿಂದಕ್ಕೆ ಸರಿದಿರುತ್ತದೆ. ಕಾರಣ ಇದೆ: ಒಳಗೆ ಅದುಮಿಟ್ಟ ಗಾಳಿ ಪಿಸ್ಟನ್ನನ್ನು ವಾಪಸು ತಳ್ಳುತ್ತದೆ. ಕೂಟದವರಿಗೆ ಹೀಗೇ ವಿವರಿಸಿದೆ, ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಆದರೆ ಆರೂ ಪಿಸ್ಟನ್ ಮೇಜಿನ ಮೇಲೆ ಸಾಲಾಗಿ ಮಲಗಿದ್ದ ವಾರದಲ್ಲೂ ಗೆರೆ ಸರಿಯುತ್ತಿತ್ತು. ಅದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ.

ಗಂಟೆಯ ಸದ್ದೂ ಕೇಳಿಸುತ್ತದೆ. ಅಂಚೆಯವನು ಬಾಗಿಲು ಮುರಿಯುವ ಹಾಗೆ ಬಡಿದರೂ ಕೇಳಿಸದ ಈ ಕಿವಿಗೆ, ಮಧ್ಯಾಹ್ನ ಊಟವಾಗಿ ಸ್ಟೂಲಿನ ಮೇಲೆ ಕೂತಾಗ, ನೆತ್ತಿಯ ಮೇಲಿಂದ ಠಣ್, ಠಣ್. ಎರಡು ಸಲ. ಶೆಡ್ಡಿನಲ್ಲಿ ಗಂಟೆ ಇಲ್ಲ. ನಾನು ಸ್ಟೂಲಿನ ಮೇಲೆ ಸ್ವಲ್ಪ ಸರಿದು ಕೂರುತ್ತೇನೆ. ಯಾರಿಗೆ ಜಾಗ ಬಿಡುತ್ತಿದ್ದೀಯ ಅಂತ ಕೇಳಬೇಡಿ.

ಆ ದಿನದ್ದು ನಿಮಗೆ ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಈಗ ಹೇಳುತ್ತೇನೆ. ಎಂಜಿನ್ ಕೋಣೆಗೆ ಕಿಟಕಿ ಇರಲಿಲ್ಲ, ನನಗೆ ಹೊಳೆಯೂ ಕಾಣುತ್ತಿರಲಿಲ್ಲ ದಡವೂ ಕಾಣುತ್ತಿರಲಿಲ್ಲ. ಅಣ್ಣ ಮೇಲಿಂದ ಹಗ್ಗ ಎಳೆದು ಗಂಟೆ ಹೊಡೆಯುವುದು, ನಾನು ಕೆಳಗೆ ಗೇರಿನ ಹಿಡಿಕೆ ಆಡಿಸುವುದು. ಒಂದು ಸಲ ಹೊಡೆದರೆ ಹಿಡಿಕೆ ದೂಡಬೇಕು, ಲಾಂಚ್ ಮುಂದಕ್ಕೆ. ಎರಡು ಸಲ ಹೊಡೆದರೆ ಎಳೆಯಬೇಕು, ಲಾಂಚ್ ಹಿಂದಕ್ಕೆ. ಮೂರು ಅಂದರೆ ನಡುವೆ ತಂದು ಬಿಡು, ತೇಲಲಿ. ಆವತ್ತು ಕಟ್ಟೆ ಹತ್ತಿರವಾದಾಗ ಮೂರು ಸಲ ಕೇಳಿಸಿತು. ನಡುವೆ ತಂದು, ಎಂಜಿನ್ ನಿಧಾನ ಮಾಡಿದೆ. ಅರ್ಧ ನಿಮಿಷ ತೇಲಿದೆವು. ಆಮೇಲೆ ಎರಡು ಸಲ: ಹಿಂದಕ್ಕೆ ಎಳೆದು ಲಾಂಚ್ ನಿಲ್ಲಿಸು. ಎಳೆದೆ. ಲಾಂಚ್ ಮುಂದಕ್ಕೆ ನೆಗೆಯಿತು. ಹೊಡೆತಕ್ಕೆ ನಾನು ಬಿದ್ದೆ, ಎಂಜಿನ್ ನಿಂತುಹೋಯಿತು, ಮೇಲೆ ಯಾರೋ ಕೂಗುತ್ತಿದ್ದರು.

ಐದು ದಿನದ ಮೇಲೆ ವಿಚಾರಣೆ. ಎಂಜಿನ್ ಮತ್ತೆ ಚಾಲೂ ಮಾಡಿ ನೋಡಿದರು, ಗೇರು ನೋಡಿದರು, ಎಲ್ಲ ಸರಿಯಾಗೇ ಇತ್ತು. ಕಟ್ಟೆಯ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಆಗ ಕಿವಿ ಚೆನ್ನಾಗಿತ್ತು. ಒಳಗೆ ಅಣ್ಣ ಹೇಳಿದ್ದು ಕೇಳಿಸಿತು: “ಎರಡು ಹೊಡೆಯೋ ಕಡೆ ಒಂದೇ ಹೊಡೆದೆ ಸಾರ್. ಯೋಚನೆ ಎಲ್ಲೋ ಇತ್ತು.” ಆಮೇಲೆ ನನ್ನನ್ನು ಕರೆದು, “ನಿನಗೆ ಎಷ್ಟು ಕೇಳಿಸಿತಯ್ಯ?” ಅಂದರು.

“ಒಂದು” ಅಂದೆ.

ನನಗೆ ಕೇಳಿಸಿದ್ದು ಎರಡು, ಅತ್ತಿಗೆ. ಎರಡು ಅಂದರೆ ಮುಂದಿನ ಪ್ರಶ್ನೆ ನನ್ನ ಕೈಯ ಬಗ್ಗೆ ಬರುತ್ತಿತ್ತು. ಎಳೆದೆ ಅಂತ ಕೈ ಹೇಳುತ್ತದೆ, ದೂಡಿದೆ ಅಂತ ಲಾಂಚ್ ಹೇಳುತ್ತದೆ. ಯಾರನ್ನು ನಂಬಲಿ? ಅಣ್ಣ ನನ್ನ ಕೈಯ ತಪ್ಪನ್ನು ತನ್ನ ತಲೆಗೆ ಎಳೆದುಕೊಂಡ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೇನೆ. ಅದಕ್ಕೇ ನಿಮ್ಮ ಅಂಗಡಿಯಲ್ಲಿ ಗುಂಡಿ ಡಬ್ಬಿ ನೋಡುತ್ತಿದ್ದದ್ದು.

ಉತ್ತರ ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ
ಹೊಗೆರಾಯ


ಏಪ್ರಿಲ್ 30

ಅತ್ತಿಗೆ! ಅತ್ತಿಗೆ!

ನೀವು ಉತ್ತರ ಬರೆಯದಿದ್ದರೂ ಚಿಂತೆಯಿಲ್ಲ. ಈ ಕಾಗದ ಓದಿ, ಮಗಳನ್ನೂ ಕರೆದು ಓದಿಸಿ, ಆ ಹೆಡ್‌ಮೇಷ್ಟ್ರಿಗೂ ಓದಿಸಿ. ಸಿಕ್ಕಿತು!

ಎಂಜಿನ್ ಓಡಲು ಶುರುವಾಗಿ ಎರಡು ವಾರವಾಗಿತ್ತು. ಏನು ಮಾಡಿದರೂ ಎಲ್ಲ ಸರಿಯಾಗೇ ನಡೆಯುತ್ತಿತ್ತು. ಶೆಡ್ಡಿನಲ್ಲಿ ಲಾಂಚ್ ಇಲ್ಲ, ಗೇರಿನ ಹಿಂದೆ, ಹಿಂದೆಲ್ಲ ಲಾಂಚಿನ ಪ್ರೊಪೆಲ್ಲರ್ ತಿರುಗಿಸುತ್ತಿದ್ದ ದಂಡವೊಂದೇ ತಿರುಗುವುದು. ದೂಡಿದರೆ ಅದು ಒಂದು ಕಡೆ, ಎಳೆದರೆ ಇನ್ನೊಂದು ಕಡೆ, ಪುಸ್ತಕದಲ್ಲಿ ಬರೆದ ಹಾಗೆ. ನಿನ್ನೆ ಭಾನುವಾರ ಕೂಟದವರು ಬಂದಿದ್ದರು. ಹಲ್ಲಿನ ಡಾಕ್ಟರು, “ಏನ್ರೀ, ಹಿಂದೆ ನಿಮ್ಮ ಎಂಜಿನ್ ಅಷ್ಟು ನಿಧಾನ ಹೊಡೀತಿತ್ತು ಇಷ್ಟು ನಿಧಾನ ಹೊಡೀತಿತ್ತು ಅಂತ ಕೊಚ್ಚಿಕೊಳ್ತಿದ್ದಿರಲ್ಲ, ತೋರಿಸಿ ನೋಡೋಣ” ಅಂತ ಕಿವಿಯಲ್ಲಿ ಕಿರುಚಿದರು. ನಿಮಗೆ ನೆನಪಿರಬೇಕು, ನನ್ನ ಆ ತಾಳ ಇಡೀ ಹೊಳೆಯಲ್ಲಿ ಹೆಸರಾಗಿತ್ತು. ಬೇರೆ ಲಾಂಚುಗಳು ನಿಂತಲ್ಲಿ ಗಡಗಡ ಅಂತ ಹಲ್ಲು ಕಡಿಯುತ್ತಿದ್ದರೆ, ನನ್ನದು ಒಂದೊಂದು ಹೊಡೆತವನ್ನೂ ಬೆರಳಲ್ಲಿ ಎಣಿಸುವ ಹಾಗೆ. ದಡದ ಜನ ಬಂದು ನಿಂತು ಕೇಳುತ್ತಿದ್ದರು.

ಸರಿ, ಎಂಜಿನ್ನಿನ ಕನಿಷ್ಠ ವೇಗ ಗೊತ್ತುಮಾಡುವ ನಿಧಾನದ ಸ್ಕ್ರೂ ಇಳಿಸಿದೆ. ಇನ್ನೂ ಇಳಿಸಿದೆ. ಆ ಹಳೇ ತಾಳ ಬಂತು. ಎಲ್ಲರೂ ಕಣ್ಣು ಮುಚ್ಚಿಕೊಂಡರು. ಇನ್ನೊಂದು ಕೂದಲೆಳೆ ಇಳಿಸಿದೆ. ಎಂಜಿನ್ ಸತ್ತೇಹೋಯಿತು ಅನ್ನುವ ಹಾಗೆ ಒಮ್ಮೆ ತಡವರಿಸಿತು, ಒಂದು ಸಲ ಬೆಚ್ಚಿತು, ಮತ್ತೆ ಹೊಡೆಯತೊಡಗಿತು. ಎಲ್ಲರೂ ಚಪ್ಪಾಳೆ. ಆಗ ಗಾಳಿ ಜಾಲರಿಯ ಹತ್ತಿರ ನಿಂತಿದ್ದ ಡಾಕ್ಟರು ಕೆಮ್ಮುತ್ತಾ ಹೊರಗೋಡಿದರು. ಹೊಗೆ ಕೊಳವೆಯಿಂದ ಬರಬೇಕಾದ ಹೊಗೆ ಗಾಳಿ ಒಳಗೆ ಹೋಗುವ ಬಾಯಿಂದ ಹೊರಗೆ ಬರುತ್ತಿತ್ತು! ಫ್ಲೈವೀಲ್ ನೋಡಿದೆ. ಉಲ್ಟಾ ತಿರುಗುತ್ತಿತ್ತು.

ಅರ್ಥವಾಯಿತಾ? ಈ ವಂಶಕ್ಕೆ ಮುಂದು ಯಾವುದು ಹಿಂದು ಯಾವುದು ಅಂತ ಹುಟ್ಟಿನಿಂದಲೇ ಗೊತ್ತಿಲ್ಲ. ಸಾಯುವಷ್ಟು ನಿಧಾನವಾದಾಗ ಪಿಸ್ಟನ್ ಅದುಮಿದ ಗಾಳಿಯ ದಿಬ್ಬ ಹತ್ತಲಾಗದೆ ಬಂದ ದಾರಿಗೇ ಜಾರುತ್ತದೆ, ಆ ಗಳಿಗೆಗೆ ಸರಿಯಾಗಿ ಡೀಸೆಲ್ ಸಿಡಿದರೆ ಹಿಮ್ಮುಖವಾಗಿಯೇ ಸಂಸಾರ ಶುರು. ಓಡಿಹೋಗಿ ಹಿಡಿಕೆ ಎಳೆದೆ. ದಂಡ ಮುಂದಕ್ಕೆ ತಿರುಗಿತು. ಎಳೆದರೆ ಮುಂದಕ್ಕೆ! ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದೆ. ಏನೂ ಆಗಿಲ್ಲವೆಂಬಂತೆ ಸರಿಯಾಗಿ ಓಡಿತು. ವಿಚಾರಣೆಯಲ್ಲಿ ಚಾಲೂ ಮಾಡಿದಾಗಲೂ ಹೀಗೇ ನಾಟಕ ಆಡಿರಬೇಕು.

ಅಣ್ಣ ಎರಡೇ ಹೊಡೆದ. ನಾನು ಎಳೆದೇ ಎಳೆದೆ. ಗಂಟೆಯೂ ಸರಿ, ಕೈಯೂ ಸರಿ. ಪಾಪ, ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಯಾರದ್ದೂ ತಪ್ಪಲ್ಲ, ಅತ್ತಿಗೆ! ಲಾಂಚ್ ಆಫೀಸಿಗೆ ಬರೆಯಲು ಕೂತಿದ್ದೇನೆ, ಹಳೇ ಕಡತ ತೆಗೆದು ಅಣ್ಣನ ಹೆಸರು ಸರಿಮಾಡಿ ಅಂತ. ನಿನ್ನೆ ಗಂಟೆಯ ಸದ್ದೂ ಕೇಳಿಸಲಿಲ್ಲ.

ನಿಮ್ಮ, ಮೂವತ್ತೆರಡು ವರ್ಷ ಹಗುರಾದ
ಹೊಗೆರಾಯ


ಮೇ 9

ಮೈದುನನಿಗೆ,

ಎರಡು ತಿಂಗಳು ನಾನು ಬರೆಯದಿದ್ದದ್ದು ಕೋಪದಿಂದಲ್ಲ. ನೀನು ಎಲ್ಲಿಗೆ ಬಂದು ಮುಟ್ಟುತ್ತೀಯ ಅಂತ ನನಗೆ ಗೊತ್ತಿತ್ತು. ಬಂದು ಮುಟ್ಟಿದೆ. ಆದರೆ ಒಂದು ಹೆಜ್ಜೆ ಹಿಂದೆಯೇ ನಿಂತು ಕುಣಿಯುತ್ತಿದ್ದೀಯ.

ಅವರಿಗೆ ಗೊತ್ತಿತ್ತು.

ಹಗ್ಗದಣ್ಣ ಸತ್ತ ಮಾರನೇ ದಿನ ಅವರು ನನ್ನ ಹೊಲಿಗೆ ಯಂತ್ರದ ಮುಂದೆ ಕೂತರು. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡೆ ನಾನು. ಚಕ್ರವನ್ನು ಕೈಯಲ್ಲಿ ತಪ್ಪು ಕಡೆಗೆ ಒಂದು ತಳ್ಳು ತಳ್ಳಿ ಕಾಲು ಒತ್ತಿದರು. ಯಂತ್ರ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯಿತು. ಹೊಸದಾಗಿ ಕಲಿಯಲು ಬರುವ ಹುಡುಗಿಯರೆಲ್ಲ ದಿನಾ ಮಾಡುವ ತಪ್ಪು ಅದು. “ನೋಡು, ಹೀಗೆ ಆಗಿದ್ದು” ಅಂದರು. ತೇಲುವಾಗ ಕಾಲಿನ ಕೆಳಗೆ ಹಲಗೆ ನಡುಗುವುದು ಬೇರೆ ಥರ ಆಯಿತಂತೆ. ಏನು ಅಂತ ಹೊಳೆಯುವಷ್ಟರಲ್ಲಿ ಗಂಟೆ ಹೊಡೆದಾಗಿತ್ತಂತೆ.

ಹೋಗಿ ಹೇಳಿ ಅಂದೆ. “ಹೇಳಿದರೆ ಯಾಕೆ ಹಾಗಾಯ್ತು ಅಂತ ಕೇಳ್ತಾರೆ. ಸ್ಕ್ರೂ ಅಷ್ಟು ಇಳಿಸಿದ್ದು ಯಾರು ಅಂತ ಕೇಳ್ತಾರೆ” ಅಂದರು.

ನಿನಗೆ ಅವರು ಎರಡು ಸಲ ಹೇಳಿದ್ದರಂತೆ, “ಸ್ವಲ್ಪ ಏರಿಸೋ, ಎಂಜಿನ್ ನಿಂತುಹೋಗೋ ಹಾಗಿದೆ” ಅಂತ. ನೀನು ಅವರ ಎದುರಿಗೆ ಏರಿಸಿ, ಅವರು ಅತ್ತ ಹೋದ ಮೇಲೆ ಇಳಿಸುತ್ತಿದ್ದೆಯಂತೆ, ದಡದಲ್ಲಿ ಕೇಳುವವರು ನಿಂತಿರುತ್ತಾರಲ್ಲ ಅಂತ. ಹೌದೋ ಅಲ್ಲವೋ ನೀನೇ ಹೇಳು.

“ಅವನಿಗೆ ಬೇರೆ ಏನೂ ಗೊತ್ತಿಲ್ಲ ಕಣೇ” ಅಂದರು. “ಓದು ಹತ್ತಲಿಲ್ಲ, ಮದುವೆ ಬೇಡ ಅಂದ, ಇರೋದು ಅದೊಂದೇ ಪ್ರೀತಿ. ಆ ಪ್ರೀತಿಯೇ ಒಬ್ಬನನ್ನ ಕೊಂದಿತು ಅಂತ ಗೊತ್ತಾದರೆ ಅವನು ಉಳಿಯಲ್ಲ. ನಾನು ಗಂಟೆ ತಪ್ಪಿ ಹೊಡೆದೆ ಅಂದುಕೊಂಡು ನನ್ನ ಬೈದುಕೊಂಡು ಇರಲಿ.” ನನ್ನ ಕೈಯಲ್ಲಿ ಮಾತು ತಗೊಂಡರು. ಆಮೇಲೆ ಗುಂಡಿ ಹಾಕಲು ಕೂತರು.

ಅವರು ನಿನ್ನನ್ನು ಉಳಿಸಿದರು ಅಂತಲೇ ನಂಬಿದ್ದೆ. ನೀನು ಅವರನ್ನು ಬೈದುಕೊಳ್ಳುವ ಬದಲು ನಿನ್ನ ಕೈಯನ್ನೇ ನೋಡಿಕೊಂಡು ಕೂತಿದ್ದೆ ಅಂತ ನಿನ್ನ ಮಾರ್ಚಿನ ಕಾಗದ ಓದಿದ ಮೇಲೆ ತಿಳಿಯಿತು. ಹಾಗಾದರೆ ಆ ಒಂಬತ್ತು ವರ್ಷ ಯಾತಕ್ಕೆ ಹೋಯಿತು? ಅಡುಗೆ ಮನೆಯಲ್ಲಿ ನಿಂತುಕೊಂಡು ಅವರ ಫೋಟೋವನ್ನು ಬೈದೆ. ನಿನ್ನನ್ನೂ ಬೈದೆ. ನಿನಗೆ ಕೇಳಿಸಿರಲಿಕ್ಕಿಲ್ಲ.

ಆಫೀಸಿಗೆ ‘ಯಾರದ್ದೂ ತಪ್ಪಲ್ಲ’ ಅಂತ ಬರೆಯಬೇಡ. ಹಗ್ಗದಣ್ಣನ ಹೆಂಡತಿ ಇನ್ನೂ ಕಟ್ಟೆಯ ಹಿಂದಿನ ಸಾಲುಮನೆಯಲ್ಲೇ ಇದ್ದಾರೆ. ನಾವು ಆ ಊರು ಬಿಡುವವರೆಗೆ, ನಲ್ಲಿಯ ಹತ್ತಿರ ನನ್ನ ಕೊಡ ಕಂಡರೆ ತುಂಬದ ತಮ್ಮ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಮೊದಲು ಅಲ್ಲಿಗೆ ಹೋಗು. ನಡೆದದ್ದು ಹೇಳು. ಆಮೇಲೆ ಆಫೀಸಿಗೆ ಬರಿ.

ಅತ್ತಿಗೆ


ಮೇ 28

ಅತ್ತಿಗೆಗೆ,

ಹೌದು. ಏರಿಸಿ, ಇಳಿಸುತ್ತಿದ್ದೆ.

ಮೂರು ಸಲ ಹೋದೆ. ಮೊದಲ ಸಲ ಸಾಲುಮನೆಯ ತಿರುವಿನವರೆಗೆ. ಎರಡನೇ ಸಲ ಬಾಗಿಲವರೆಗೆ. ಮೂರನೇ ಸಲ ಬಾಗಿಲು ಬಡಿದು, ಅವರು ತೆರೆದ ಮೇಲೆ, ಪಕ್ಕದ ಮನೆ ಯಾವುದು ಅಂತ ವಿಚಾರಿಸಿಕೊಂಡು ಪಕ್ಕದ ಮನೆಗೆ ಹೋದೆ. ಪಕ್ಕದ ಮನೆಯವರು ಒಳ್ಳೆಯವರು, ಕುಡಿಯಲು ನೀರು ಕೊಟ್ಟರು.

ಎಂಜಿನ್ ಮೇಲೆ ಟಾರ್ಪಾಲು ಹೊದಿಸಿದ್ದೇನೆ. ಟಾರ್ಪಾಲಿನ ಕೆಳಗೆ ಕೈ ಹಾಕಿ ನೋಡಿದರೆ ಬೆಚ್ಚಗಿರುತ್ತದೆ. ಬೇಸಿಗೆ ಇರಬೇಕು. ಗಂಟೆಯ ಸದ್ದು ಮತ್ತೆ ಶುರುವಾಗಿದೆ.

ನಿಮ್ಮ ಮೈದುನ


ಜೂನ್ 6

ಮೈದುನನಿಗೆ,

ಪಕ್ಕದ ಮನೆಯವರ ನೀರು ಕುಡಿದದ್ದು ಸಾಕು.

ಅತ್ತಿಗೆ


ಜೂನ್ 21

ಅತ್ತಿಗೆಗೆ,

ಹೋಗಿ ಬಂದೆ.

ಅವರಿಗೆ ಈಗ ಕೂದಲೆಲ್ಲ ಬಿಳಿ. ಗಂಡ ಸತ್ತ ಮೇಲೆ ಟಿಕೆಟ್ ಕಿಟಕಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದಾರೆ. ಮುಂದಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಬಾಗಿಲು ತೆರೆದವರೇ, “ಇವತ್ತು ಈ ಮನೆಯೋ, ಪಕ್ಕದ ಮನೆಯೋ?” ಅಂದರು. ಈ ಮನೆಯೇ ಅಂದೆ.

ನಿಂತುಕೊಂಡೇ ಹೇಳಿದೆ. ಸ್ಕ್ರೂ, ತಾಳ, ಎಂಜಿನ್ ಉಲ್ಟಾ ತಿರುಗಿದ್ದು, ಆಗ ಹೊಗೆ ತಪ್ಪು ಬಾಯಿಂದ ಬರುವುದು, ಅಣ್ಣನ ಕಾಲಿಗೆ ಹಲಗೆಯ ನಡುಕ ತಿಳಿದದ್ದು, ಅವನು ಎರಡು ಹೊಡೆದದ್ದು, ನಾನು ಎರಡು ಕೇಳಿ ಒಂದು ಅಂದದ್ದು. ಅವರೊಬ್ಬರಿಗೇ ಕೇಳಿಸುವಷ್ಟು ಮೆತ್ತಗೆ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನ ಮೆತ್ತಗೆ ಅಂದರೆ ಎಷ್ಟು ಅಂತ ನಿಮಗೆ ಗೊತ್ತಲ್ಲ. ಹಿಂದೆ ತಿರುಗಿ ನೋಡಿದರೆ ಸಾಲುಮನೆಯ ಹನ್ನೆರಡು ಬಾಗಿಲಿನ ಜನವೂ ಅಂಗಳದಲ್ಲಿ ನಿಂತಿದ್ದರು. ನೀರು ಕೊಟ್ಟವರೂ ಇದ್ದರು. ಆ ಬೀದಿಯಲ್ಲಿ ಅಣ್ಣನ ಹೆಸರಂತೂ ಸರಿಯಾಯಿತು, ಆಫೀಸಿನ ಕಡತ ಏನೇ ಹೇಳಲಿ.

ಅವರು ಬಾಗಿಲು ಹಾಕಿ ಬಂದು, ನನ್ನನ್ನು ಕೂರಿಸಿ, ಕಿವಿಯ ಹತ್ತಿರ ಕೂತರು.

“ಎರಡು ಅಂತ ನನಗೂ ಗೊತ್ತು” ಅಂದರು. “ಊಟದ ಡಬ್ಬಿ ತಂದು ಕಟ್ಟೆ ಮೇಲೇ ನಿಂತಿದ್ದೆ. ಎರಡೂ ಕೇಳಿಸಿತು. ಹೇಳೋಕೆ ಆಫೀಸಿಗೆ ಹೋದೆ. ನೀವು ದುಃಖದಲ್ಲಿದೀರಮ್ಮ, ಮನೆಗೆ ಹೋಗಿ ಅಂದ್ರು.”

ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

“ನಿಮ್ಮಣ್ಣ ಎರಡು ಹೊಡೆದು ಒಂದು ಅಂದರು. ನೀನು ಎರಡು ಕೇಳಿ ಒಂದು ಅಂದೆ. ಅಣ್ಣತಮ್ಮ ಸೇರಿ ಏನೋ ಮುಚ್ಚಿದಿರಿ ಅಂತ ಅವತ್ತೇ ಗೊತ್ತಾಯ್ತು. ಏನು ಅಂತ ಗೊತ್ತಾಗಲಿಲ್ಲ. ಕುಡಿದಿದ್ದರಾ? ನನ್ನ ಗಂಡನ ಮೇಲೆ ಏನಾದರೂ ಸೇಡಿತ್ತಾ? ಬೇಕಂತಲೇ ಮಾಡಿದರಾ? ಆ ಕಿಟಕಿಯಲ್ಲಿ ಕೂತು ಟಿಕೆಟ್ ಹರಿದು ಕೊಡ್ತಾ ಕೊಡ್ತಾ ಇದನ್ನೇ ಯೋಚನೆ ಮಾಡ್ತಿದ್ದೆ. ತಪ್ಪಾಯ್ತು ಅಂತ ಒಬ್ಬರು ಬಂದು ಹೇಳಿದ್ದರೆ ಒಂದು ದಿನ ಅತ್ತು ಮುಗಿಸ್ತಿದ್ದೆ.”

ಅತ್ತಿಗೆ, ಅಣ್ಣ ನನ್ನನ್ನು ಉಳಿಸಲು ಹೇಳಿದ ಸುಳ್ಳು ಹೋಗಿ ಕೂತದ್ದು ಈ ಮನೆಯಲ್ಲಿ. ಅವನಿಗೂ ಅದು ಹೊಳೆದಿರಲಿಲ್ಲ, ನಮಗೂ ಹೊಳೆಯಲಿಲ್ಲ.

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಲಾಂಚ್ ತೇಲಿ ಬರುವಾಗ ಹಗ್ಗದಣ್ಣ ಕೈ ಎತ್ತಿ ಬೀಸಿದ್ದ. ಡಬ್ಬಿ ಬಂತು ಅಂತ ತಮಗೆ ಸನ್ನೆ ಮಾಡುತ್ತಿದ್ದಾನೆ ಅಂದುಕೊಂಡಿದ್ದರಂತೆ ಇವತ್ತಿನವರೆಗೆ. “ಹೊಗೆ ತಪ್ಪು ಜಾಗದಿಂದ ಬರ್ತಿತ್ತು ಅಂದೆಯಲ್ಲ ನೀನು. ಅದನ್ನ ನೋಡಿ ಬೀಸಿದ್ದಾರೆ. ಇಪ್ಪತ್ತು ಗಜ ದೂರದಲ್ಲಿ ನಿಂತವರಿಗೆ ಗೊತ್ತಾಯ್ತು. ಮೇಲೆ ನಿಂತ ನಿಮ್ಮಣ್ಣನಿಗೆ ಕಾಲಲ್ಲಿ ಗೊತ್ತಾಯ್ತು. ನೀನು ಪಕ್ಕದಲ್ಲೇ ಕೂತಿದ್ದೆ. ನಿನಗೆ ಗೊತ್ತಾಗಲಿಲ್ವಾ?”

ನಾನು ಕಿವಿಗೆ ಕೈ ಅಡ್ಡ ಹಿಡಿದು, ‘ಏನಂದಿರಿ?’ ಅನ್ನುವ ಹಾಗೆ ಮುಖ ಮಾಡಿದೆ. ಕೇಳಿಸಿತ್ತು, ಅತ್ತಿಗೆ. ಚೆನ್ನಾಗಿ ಕೇಳಿಸಿತ್ತು.

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಎದ್ದು ಹೋಗಿ ಒಂದು ಹಾಳೆ ತಂದು, ದೊಡ್ಡ ಅಕ್ಷರದಲ್ಲಿ ಅದೇ ಪ್ರಶ್ನೆ ಬರೆದು, ಪೆನ್ನನ್ನು ನನ್ನ ಕಡೆ ತಳ್ಳಿದರು. ನಾನು ಬರೆದು ಮುಗಿಸುವವರೆಗೆ ಕುರ್ಚಿಯಿಂದ ಏಳಲಿಲ್ಲ. ಬರೆದದ್ದನ್ನು ಎರಡು ಸಲ ಓದಿ, ಮಡಿಸಿ ಇಟ್ಟುಕೊಂಡರು. “ಇನ್ನು ಹೋಗು” ಅಂದರು. ಇನ್ನೊಂದು ಸಲ ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ.

ನಿಮಗೆ ನಾನು ಇಷ್ಟು ಕಾಗದ ಬರೆದೆನಲ್ಲ, ಅವರಿಗೆ ಬರೆದುಕೊಟ್ಟದ್ದನ್ನು ಯಾವುದರಲ್ಲೂ ಬರೆದಿಲ್ಲ. ನನಗೆ ನಾನೂ ಹೇಳಿಕೊಂಡಿರಲಿಲ್ಲ. ಆಫೀಸಿಗೆ ಬರೆದಿಟ್ಟಿದ್ದ ಹಳೆಯ ಅರ್ಜಿ ಹರಿದು ಹಾಕಿ, ಅದನ್ನೇ ಮತ್ತೆ ಬರೆದು ಒಂದು ಪ್ರತಿ ಕಳಿಸಿದ್ದೇನೆ. ಇನ್ನೊಂದು ನಿಮಗೆ. ಅಣ್ಣನ ಫೋಟೋದ ಎದುರಿಗೆ ನೀವೇ ಓದಿ. ನನ್ನಿಂದ ಆಗಲಿಲ್ಲ.

ನಿಮ್ಮ ಮೈದುನ


(ಜೊತೆಗಿದ್ದ ಹಾಳೆ)

ನಿನಗೆ ಗೊತ್ತಾಗಲಿಲ್ಲವಾ ಎಂದು ಕೇಳಿದ್ದೀರಿ.

ಮೂರು ಸಲ ಗಂಟೆ ಹೊಡೆದಾಗ ಹಿಡಿಕೆಯನ್ನು ನಡುವೆ ತಂದು ಎಂಜಿನ್ ನಿಧಾನ ಮಾಡಿದೆ. ನಿಧಾನದ ಸ್ಕ್ರೂವನ್ನು ಆ ದಿನ ಬೆಳಿಗ್ಗೆ ಇಳಿಸಿದ್ದವನು ನಾನು. ಇಳಿಸಬಾರದೆಂದು ನನ್ನ ಅಣ್ಣ ಎರಡು ಸಲ ಹೇಳಿದ್ದ. ಎಂಜಿನ್ ನಿಲ್ಲುವ ಹಾಗಾಗಿ, ಒಮ್ಮೆ ಬೆಚ್ಚಿ, ಮತ್ತೆ ಹೊಡೆಯತೊಡಗಿತು. ಅಲ್ಲಿಂದ ಎರಡು ಸಲ ಗಂಟೆ ಕೇಳಿಸುವವರೆಗೆ ಅರ್ಧ ನಿಮಿಷ ಇತ್ತು. ಕೋಣೆಯಲ್ಲಿ ಹೊಗೆ ಇತ್ತು. ಫ್ಲೈವೀಲ್ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ತಲೆ ತಿರುಗಿಸಿದ್ದರೆ ಅದು ಯಾವ ಕಡೆ ತಿರುಗುತ್ತಿದೆ ಎಂದು ಕಾಣುತ್ತಿತ್ತು. ಎಂಜಿನ್ ನಿಲ್ಲಿಸಲು ಸಮಯ ಇತ್ತು.

ಸದ್ದು ಬದಲಾದದ್ದು ನನಗೆ ಕೇಳಿಸಿತು. ಉಲ್ಟಾ ತಿರುಗುವಾಗ ಈ ಎಂಜಿನ್ನಿನ ಸದ್ದು ಮೆತ್ತಗಾಗುತ್ತದೆ. ಅಷ್ಟು ಚೆನ್ನಾದ ಸದ್ದನ್ನು ನಾನು ಅದರಿಂದ ಯಾವತ್ತೂ ಕೇಳಿರಲಿಲ್ಲ. ಅದು ನನ್ನ ಕೈಗುಣ ಎಂದುಕೊಂಡೆ. ದಡದಲ್ಲಿ ನಿಂತವರಿಗೂ ಕೇಳಿಸುತ್ತಿರಬೇಕು ಎಂದುಕೊಂಡೆ. ತಲೆ ತಿರುಗಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತಾ ಕೂತೆ.

ಇಂತಿ,
ಎಂಜಿನ್ ಕೋಣೆಯಲ್ಲಿ ಇದ್ದವನು